ಗುಲಾಮದ್ವಯ ಸಂಕಟ ನಿರ್ಣಯ

ಎಕ್ಕದ ಜೋಡಿ ಬಂದವನಿಗೆ ಶಾಸ್ತ್ರ ಬೇಕಿಲ್ಲ. ಏಳು-ಎರಡು ಬಂದವನಿಗೆ ಶಾಸ್ತ್ರದಿಂದ ಉಪಯೋಗವಿಲ್ಲ. ಪೋಕರ್ ಮೀಮಾಂಸೆ ಹುಟ್ಟಿರುವುದೇ ಗುಲಾಮರ ಜೋಡಿಗಾಗಿ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಕೈಗೆ ಬಂದಾಗ ಬಲು ಚೆಂದ. ಆದರೆ ನಡುವಿನ ಮೊದಲ ಮೂರು ಎಲೆ ಬಿಚ್ಚಿದರೆ ನೂರಕ್ಕೆ 57 ಸಲ ರಾಣಿಯೋ ರಾಜನೋ ಎಕ್ಕವೋ ಬಂದು ಕೂರುತ್ತದೆ, ಗುಲಾಮರು ಎದ್ದು ನಿಲ್ಲಬೇಕಾಗುತ್ತದೆ.

ಇನ್ನು ವಿಷಯ. ಕಾಲ, 2021ರ ಡಿಸೆಂಬರ್. ದೇಶ, ಹೊಸೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸಿನ ಕಿಟಕಿ ಸೀಟು. ಕರ್ತೃ, ನನ್ನ ಅಕ್ಕನ ಮಗ. ಸಿಪ್ಕಾಟ್ ದಾಟುತ್ತಿದ್ದಂತೆ ಅವನ ಮೊಬೈಲಿಗೆ ಇಸ್ಪೀಟ್ ಗುಲಾಮ, ಕಳಾವರ್ ಗುಲಾಮ ಬಂದವು. ನಡುವೆ ಬಿದ್ದದ್ದು ರಾಣಿ, ಏಳು, ಎರಡು. ರಾಶಿಯಲ್ಲಿ 900 ರೂಪಾಯಿ. ಎದುರಾಳಿ ಯಾವ ಮುಲಾಜೂ ಇಲ್ಲದೆ 600 ಎಸೆದ.

"ಮಾವ, ಏನ್ ಮಾಡ್ಲಿ? ಬೇಗ ಹೇಳು."

ಇಲ್ಲಿ ಸಂಶಯ: ಕಾಲ್ ಮಾಡಬೇಕೋ, ಎಲೆ ಮಡಚಬೇಕೋ?

ಲೆಕ್ಕಿಗರ ಪಂಥ ಹೀಗೆನ್ನುತ್ತದೆ: 600 ಹಾಕಿದರೆ ರಾಶಿ 2,100 ಆಗುತ್ತದೆ, ನೂರಕ್ಕೆ 29 ಸಲ ಗೆದ್ದರೂ ಕೈ ಸುಡದು. ಆದರೆ ಎದುರಾಳಿಯ ಹತ್ತಿರ ರಾಣಿ ಇದ್ದರೆ ನಮಗೆ ಆಧಾರ ಕಟ್ಟಿನಲ್ಲಿ ಉಳಿದ ಎರಡೇ ಗುಲಾಮರು; ಇನ್ನೆರಡು ಎಲೆ ಬೀಳುವುದರೊಳಗೆ ಅವರು ಬರುವ ಸಂಭವ ನೂರಕ್ಕೆ ಎಂಟು ಚಿಲ್ಲರೆ. ಎದೆಗಾರರ ಪಂಥ: ಅವನು ಬುರುಡೆ ಬಿಡುತ್ತಿದ್ದಾನೆ. ಅಕ್ಕನ ಪಂಥ: ಮೊದಲು ಫೋನ್ ಕೆಳಗಿಡು. ಮೂರನೆಯದನ್ನು ಪಂಡಿತರು ಖಂಡಿಸಿದ್ದಾರೆಯೇ ಹೊರತು ಉತ್ತರ ಕೊಟ್ಟಿಲ್ಲ.

ಮೂವರೂ ಮರೆತ ನಾಲ್ಕನೆಯ ಪ್ರಮಾಣವೊಂದಿದೆ, ಚೆಕ್‌ಪೋಸ್ಟು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಗೋಳಿಗೇ ಒಂದು ಸೂಕ್ತವಿದೆ. ಅದರಲ್ಲೂ ಈ ಪ್ರಸ್ತಾಪವಿಲ್ಲ. ಆನ್‌ಲೈನ್ ಪಣದ ಮೇಲೆ ತಮಿಳುನಾಡು ಹೇರಿದ್ದ ನಿಷೇಧವನ್ನು ಮದ್ರಾಸ್ ಹೈಕೋರ್ಟ್ 2021ರ ಆಗಸ್ಟಿನಲ್ಲಿ ರದ್ದು ಮಾಡಿತ್ತು. ಅದೇ ಅಕ್ಟೋಬರಿನಲ್ಲಿ ಕರ್ನಾಟಕ ತನ್ನ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಪಣವನ್ನು ಅಪರಾಧ ಮಾಡಿತು (ಕುದುರೆಗೆ ವಿನಾಯಿತಿ ಸಿಕ್ಕಿತು, ಗುಲಾಮನಿಗಿಲ್ಲ). ಎಂದರೆ ತಮಿಳುನಾಡಿನ ಕೊನೆಯ ಊರಿನಲ್ಲಿ ಜಾಣ್ಮೆಯಾದ ಎಲೆ ಅತ್ತಿಬೆಲೆಯಲ್ಲಿ ಅಪರಾಧ. ಆ ಕೊನೆಯ ಊರಿನ ಹೆಸರು ಜೂಜುವಾಡಿ. ಸ್ಥಳನಾಮ ಪಂಡಿತರು ವ್ಯುತ್ಪತ್ತಿಯನ್ನು ಬೇರೆಲ್ಲಾದರೂ ಹುಡುಕಿಕೊಳ್ಳಲಿ, ನನಗೆ ಬೋರ್ಡೇ ಸಾಕು.

ಆಕ್ಷೇಪ ಬರಬಹುದು: ಇದು ನಾಲ್ಕು ತಿಂಗಳ ಮಾತು, 2022ರ ಫೆಬ್ರುವರಿ 14ರಂದು, ಪ್ರೇಮಿಗಳ ದಿನವೇ, ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತಲ್ಲ? ನಿಜ. ಆದರೆ 2023ರ ಏಪ್ರಿಲಿನಲ್ಲಿ ತಮಿಳುನಾಡಿನ ಹೊಸ ಕಾಯ್ದೆ ಜಾರಿಗೆ ಬಂದು ತಕ್ಕಡಿ ತಿರುಗಿತು. ಆಗ ಹೊಸೂರಿನವನು ಆಡಬೇಕಾದರೆ ಅತ್ತಿಬೆಲೆಗೆ ಹೋಗಿ ಟೀ ಕುಡಿಯಬೇಕಾಯಿತು. ಆ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ರಮ್ಮಿಯೂ ಪೋಕರೂ ಜಾಣ್ಮೆಯ ಆಟವೆಂದಿತು. ಟೀ ಅಂಗಡಿಯವನಿಗೆ ನಷ್ಟ. 2025ರಲ್ಲಿ ತಮಿಳುನಾಡು ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಆಟಕ್ಕೆ ಬಾಗಿಲು ಹಾಕಿತು. ಜಾಣ್ಮೆಗೂ ನಿದ್ದೆ ಬೇಕಲ್ಲ. ಅದೇ ವರ್ಷದ ಆಗಸ್ಟ್ 22ರಂದು ರಾಷ್ಟ್ರಪತಿಯ ಅಂಕಿತ ಬಿದ್ದ ಕೇಂದ್ರ ಕಾಯ್ದೆ ಗಡಿಯ ಎರಡೂ ಕಡೆಯ ಎಲೆಗಳನ್ನು ಒಟ್ಟಿಗೆ ಮಡಚಿಸಿತು.

ಮತ್ತೆ ಬಸ್ಸಿಗೆ. ನಾನು ಇದರಲ್ಲಿ ಅಂದಿಗೆ ಆಗಿದ್ದಷ್ಟನ್ನೂ ಪೀಠಿಕೆ ಸಮೇತ ವಿವರಿಸಬೇಕೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಜೂಜುವಾಡಿ ಬಂತು. ಫೋನಿನ ಸಿಗ್ನಲ್ ಹೋಯಿತು. ಗಡುವು ಮುಗಿದದ್ದೇ ಆ್ಯಪ್ ಯಾರನ್ನೂ ಕೇಳದೆ ಎಲೆ ಮಡಚಿಬಿಟ್ಟಿತು. ಎದುರಾಳಿಯ ಹತ್ತಿರ ರಾಣಿ ಇದ್ದಳೋ ಇಲ್ಲವೋ ತಿಳಿಯಲಿಲ್ಲ. ಅಳಿಯ ಅತ್ತಿಬೆಲೆಯವರೆಗೂ ನನ್ನನ್ನೇ ದುರುಗುಟ್ಟಿ ನೋಡಿದ.