ಡಿಶ್‌ವಾಷರಿನ ಮೌನವ್ರತ: ಒಂದು ಪ್ರಮಾಣವಿಚಾರ

ಪಾತ್ರೆ ತೊಳೆಯುವ ಯಂತ್ರ ಚಾಲೂ ಆಗದಿದ್ದರೆ ಮೊದಲು ಪ್ಲಗ್ಗನ್ನು ನೋಡಬೇಕೆಂದು ಅದರ ಕೈಪಿಡಿಗಳು ವಿಧಿಸುತ್ತವೆಯಾದರೂ, ಗೋಡೆಯೊಳಗೆ ಕರೆಂಟು ಇದ್ದೇ ಇರುತ್ತದೆಂಬ ಆ ಗ್ರಂಥಕರ್ತರ ನಂಬಿಕೆಯನ್ನು ಮಲೆನಾಡಿನ ಬಣಕಲ್ಲಿನಲ್ಲಿ ಪೂರ್ವಪಕ್ಷವೆಂದೇ, ಅಂದರೆ ಮುಂದೆ ಖಂಡಿಸುವುದಕ್ಕಾಗಿ ಮೊದಲು ಮಂಡಿಸುವ ವಾದವೆಂದೇ, ಭಾವಿಸಬೇಕಾಗುತ್ತದೆ. ಮರಗಸಿ, ಎಂದರೆ ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಎಷ್ಟೇ ಶಾಸ್ತ್ರೋಕ್ತವಾಗಿ ನಡೆದಿದ್ದರೂ, ಚಾರ್ಮಾಡಿ ಘಾಟಿಯ ಕಡೆಯಿಂದ ನುಗ್ಗುವ ಜುಲೈ ತಿಂಗಳ ಗಾಳಿಗೆ ಒಂದು ಸಿಲ್ವರ್ ಓಕ್ ಲೈನಿನ ಮೇಲೆ ಮಲಗಿತೆಂದರೆ ಯಂತ್ರದ ಗುಂಡಿ ಒತ್ತುವುದು ಬೆರಳಿನ ವ್ಯಾಯಾಮವಷ್ಟೇ ಆಗುತ್ತದೆ.

ಆದಕಾರಣ ಇಲ್ಲಿನ ಶೋಧನೆ ಹೊರಗಿನಿಂದ ಒಳಕ್ಕೆ ಸಾಗುತ್ತದೆ. ಪಕ್ಕದ ಮನೆಯಲ್ಲಿ ದೀಪ ಕಂಡರೆ ಕರೆಂಟಿದೆಯೆಂದು ತಿಳಿಯುವುದು ಮೊದಲನೆಯದಾದ ಅನುಮಾನ ಪ್ರಮಾಣ, ಎಂದರೆ ಕುರುಹಿನಿಂದ ಊಹಿಸಿ ತಿಳಿಯುವ ದಾರಿ. ಆದರೆ ಪಕ್ಕದ ಮನೆ ತೋಟದಾಚೆಯ ದಿಣ್ಣೆಯಲ್ಲಿದ್ದು, ನಡುವೆ ಮಂಜು ಕವಿದು, ಕಂಡ ದೀಪವೂ ಇನ್ವರ್ಟರಿನದಾಗಿರುವ ಸಂಭವವಿರುವುದರಿಂದ ಇದು ಹೇತ್ವಾಭಾಸಕ್ಕೆ, ಎಂದರೆ ಕಾರಣದಂತೆ ತೋರುವ ಸುಳ್ಳು ಕಾರಣಕ್ಕೆ, ಉತ್ತಮ ನಿದರ್ಶನ. ಎರಡನೆಯದು ಲೈನ್‌ಮನ್ನನ ಆಪ್ತವಾಕ್ಯ, ಎಂದರೆ ನಂಬತಕ್ಕವನ ಮಾತು. "ಲೈನ್ ಮೇಲೆ ಮರ ಬಿದ್ದದೆ ಗೌಡ್ರೆ, ಸಾಯಂಕಾಲದೊಳಗೆ ನೋಡಣ" ಎಂಬುದು ಅದರ ರೂಢ ಪಾಠ. ಯಾವ ದಿನದ ಸಾಯಂಕಾಲವೆಂಬ ಪ್ರಶ್ನೆಗೆ ಪಾಠದಲ್ಲಿ ಅವಕಾಶವಿಲ್ಲ, ಮತ್ತು ಜಡಿಮಳೆಯಲ್ಲಿ ಕಂಬ ಹತ್ತುವವನನ್ನು ಒಲೆಯ ಬುಡದಲ್ಲಿ ಕುಳಿತವರು ಹಾಗೆ ಕೇಳುವುದು ನ್ಯಾಯವೂ ಅಲ್ಲ.

ಮೂರನೆಯದು ಪ್ರತ್ಯಕ್ಷ, ಅದರ ಸಾಧನ ಟೆಸ್ಟರ್. ಮನೆಯ ವಿದ್ಯುತ್ತು 230 ವೋಲ್ಟ್ ಇರಬೇಕೆಂಬುದು ನಿಯಮವಾದರೂ, ಟೆಸ್ಟರಿನೊಳಗಿನ ನಿಯಾನ್ ದೀಪ ನೂರರ ಆಸುಪಾಸಿನಲ್ಲೂ ಕೆಂಪಗೆ ಮಿನುಗುವಷ್ಟು ಅಲ್ಪತೃಪ್ತವಾದ್ದರಿಂದ, ಅದು ಉರಿಯಿತೆಂದ ಮಾತ್ರಕ್ಕೆ ಯಂತ್ರ ತಿರುಗಬೇಕೆಂದಿಲ್ಲ. ಇನ್ನು ಸಾಕೆಟ್ಟಿನ ಎರಡೂ ತೂತುಗಳಲ್ಲಿ ದೀಪ ಹತ್ತಿದರೆ ಅಲ್ಪಜ್ಞರು ಕರೆಂಟು ಇಮ್ಮಡಿಯಾಯಿತೆಂದು ಹಿಗ್ಗಬಹುದು. ವಾಸ್ತವವಾಗಿ ಅದು ನ್ಯೂಟ್ರಲ್, ಅಂದರೆ ಬಂದ ವಿದ್ಯುತ್ತು ಮರಳಿ ಹೋಗುವ ತಂತಿ, ಎಲ್ಲೋ ಕಡಿದಿರುವುದರ ಲಕ್ಷಣ. ಈ ಕಡಿತ ಮನೆಯೊಳಗಲ್ಲದೆ ಟಿ.ಸಿ. ಎಂದು ಎಲ್ಲರೂ ಕರೆಯುವ ಟ್ರಾನ್ಸ್‌ಫಾರ್ಮರಿನ ಬಳಿ ಆಗಿದ್ದರೆ ಕೆಲವು ಮನೆಗಳಿಗೆ 230ರ ಬದಲು 400ರ ಸಮೀಪದ ವೋಲ್ಟೇಜು ನುಗ್ಗಿ, ಯಂತ್ರದ ಬುದ್ಧಿಯೆನಿಸಿದ ಪಿ.ಸಿ.ಬಿ. ಬೋರ್ಡನ್ನೇ ಸುಡಬಲ್ಲದು; ಆದ್ದರಿಂದ ದೀಪಗಳು ಹಠಾತ್ತನೆ ಪ್ರಖರವಾದಾಗ ಮೇನ್ ಸ್ವಿಚ್ ಇಳಿಸುವುದು ಎಲ್ಲ ಪ್ರಮಾಣಗಳಿಗಿಂತ ಮೊದಲಿನ ಕರ್ತವ್ಯ.

ಅಮೆರಿಕದ ಜೋಸೆಫೀನ್ ಕಾಕ್ರನ್ 1886ರಲ್ಲಿ ಪೇಟೆಂಟ್ ಪಡೆದ ಯಂತ್ರವನ್ನು ಕೈಯಿಂದಲೇ ತಿರುಗಿಸಬಹುದಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. ಬಣಕಲ್ಲಿಗೆ ಆ ಮಾದರಿಯೇ ಹೆಚ್ಚು ಸೂಕ್ತವಾಗಿದ್ದರೂ, 2020ರ ಲಾಕ್‌ಡೌನಿನಲ್ಲಿ ಕೆಲಸದವರು ಬಾರದೆ ದೇಶದ ಅಡುಗೆಮನೆಗಳು ಡಿಶ್‌ವಾಷರಿನತ್ತ ತಿರುಗಿದಾಗ ಅಂಗಡಿಯಲ್ಲಿದ್ದುದು ಗುಂಡಿಯ ಯಂತ್ರ ಮಾತ್ರ.

ಕರೆಂಟು ಸರಿಯಿದ್ದೂ ಯಂತ್ರ ಸುಮ್ಮನಿದ್ದರೆ ಮಾತ್ರ ಒಳಗಿನ ವಿಚಾರಣೆ. ನೀರು ಕಾಯಿಸುವ ಹೊತ್ತಿಗೆ ಸುಮಾರು 2000 ವ್ಯಾಟ್ ಎಳೆಯುವ ಈ ಯಂತ್ರಕ್ಕೆ 16 ಆಂಪಿಯರಿನ ಸಾಕೆಟ್ಟೇ ಬೇಕು. ಮೊಬೈಲು ಚಾರ್ಜಿಗಿಟ್ಟ ಬೋರ್ಡಿಗೇ ಅದನ್ನೂ ಸಿಕ್ಕಿಸಿದ್ದರೆ ಪ್ಲಗ್ಗಿನ ಕಾಲುಗಳು ಕಂದಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯೇ ಉತ್ತರ ಹೇಳುತ್ತದೆ. ಮಳೆಗಾಲದ ಶೀತಕ್ಕೆ ಸೋರಿಕೆಯಾಗುವ ಕರೆಂಟು ಇ.ಎಲ್.ಸಿ.ಬಿ.ಯನ್ನು, ಎಂದರೆ ಸೋರಿಕೆ ಕಂಡೊಡನೆ ವಿದ್ಯುತ್ತು ಕಡಿಯುವ ಸ್ವಿಚ್ಚನ್ನು, ಇಳಿಸಿರುವುದೂ ಸಾಮಾನ್ಯ, ಮತ್ತು ಆಗ ಸಾಕೆಟ್ಟು ಒಣಗುವ ತನಕ ಅದನ್ನು ಹಟದಿಂದ ಮೇಲೆತ್ತುವುದು ಶೌರ್ಯವಲ್ಲ. ಚೈಲ್ಡ್ ಲಾಕ್ ಬಿದ್ದಿರಬಹುದು. ಕಡುಬಿನ ಪಾತ್ರೆಯ ಕಿವಿಯೋ ಸಾರಿನ ಸೌಟಿನ ಹಿಡಿಯೋ ಹೊರಚಾಚಿ ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ಅದರ ಕೊಂಡಿಯೊಳಗಿನ ಸಣ್ಣ ಸ್ವಿಚ್ಚು ಕೂಡಿಕೊಳ್ಳುವುದಿಲ್ಲ. 'ಟಕ್' ಎಂಬ ಸದ್ದು ಕೇಳುವವರೆಗೆ ಯಂತ್ರವನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಮಂಗಳೂರಿನಿಂದಲೋ ಚಿಕ್ಕಮಗಳೂರಿನಿಂದಲೋ ಮೆಕ್ಯಾನಿಕ್ ಬರಬೇಕು. ಘಾಟಿಯಲ್ಲಿ ಗುಡ್ಡ ಜರಿದಿದ್ದರೆ ಮಂಗಳೂರನ್ನು ಪಟ್ಟಿಯಿಂದ ತೆಗೆಯಬೇಕು. ಈ ನಡುವೆ ಮನೆಯ ಗಂಡಸರು ಟೆಸ್ಟರ್ ಹಿಡಿದು ಪ್ರಮಾಣವಿಚಾರದಲ್ಲಿ ತೊಡಗಿರುವಾಗ ಹೆಂಗಸರು ಬೂದಿ, ತೆಂಗಿನ ನಾರುಗಳಿಂದ ಪಾತ್ರೆಗಳನ್ನೆಲ್ಲ ತೊಳೆದು ಕವುಚಿಟ್ಟಿರುತ್ತಾರಾದ್ದರಿಂದ, ಕೊನೆಗೂ ಬೋರ್ಡು ಬದಲಿಸಿದ ಮೆಕ್ಯಾನಿಕ್ ಪರೀಕ್ಷೆಗೆಂದು ಎಂಜಲು ಪಾತ್ರೆ ಕೇಳಿದಾಗ ಕೊಡಲು ಒಂದು ಚಮಚವೂ ಸಿಗದೆ, ತೊಳೆದವನ್ನೇ ಮತ್ತೊಮ್ಮೆ ಯಂತ್ರದೊಳಗೆ ಜೋಡಿಸಲಾಗುತ್ತದೆ.