ಚುಟ್ಟಾ ದೊರೆಯ ಅಂತಃಪುರ

ನಮ್ಮ ಭಾವನ ಮನೆಯಲ್ಲಿ ಈಗ ಎಲ್ಲರಿಗಿಂತ ಹೆಚ್ಚು ಉಪಚಾರ ಒಂದು ಮರದ ಪೆಟ್ಟಿಗೆಗೆ. ಅಕ್ಕನ ಮಂಡಿನೋವು, ಅಡುಗೆಮನೆಯ ಮಿಕ್ಸಿಯ ಗೊರಗೊರ, ಇವೆರಡಕ್ಕೂ ವರ್ಷದಿಂದ "ನೋಡೋಣ" ಎನ್ನುತ್ತಾ ಬಂದ ಮಹಾನುಭಾವರು, ಪೆಟ್ಟಿಗೆಗೆ ಸೆಕೆಯಾಯಿತೇ, ಬಾಯಾರಿತೇ ಎಂದು ಗಂಟೆಗೊಮ್ಮೆ ವಿಚಾರಿಸಿಕೊಳ್ಳುತ್ತಾರೆ. ಹ್ಯೂಮಿಡಾರ್ ಅಂತ ಅದರ ಹೆಸರು. ಸಿಗಾರುಗಳನ್ನು ಹದವಾಗಿ ಇಡುವ ಪೆಟ್ಟಿಗೆ. ಅಮೆರಿಕದಲ್ಲಿರುವ ಮಗ ಅಪ್ಪನ ಅರವತ್ತಕ್ಕೆ ಕಳಿಸಿದ್ದು. ನಮ್ಮ ಕಡೆ ಅರವತ್ತಕ್ಕೆ ಶಾಲು ಹೊದಿಸುತ್ತಿದ್ದರು, ಇರಲಿ.

ಭಾವ ಇರುವುದು ತೇನಿ ಜಿಲ್ಲೆಯ ಕಂಬಂನಲ್ಲಿ. ಬ್ಯಾಂಕಿನವರು ವರ್ಗ ಮಾಡಿದ್ದಕ್ಕೆ ಗೊಣಗುತ್ತಲೇ ಹೋದವರು, ಅಲ್ಲಿನ ಪನ್ನೀರು ದ್ರಾಕ್ಷಿಗೂ, ಘಟ್ಟದ ಗಾಳಿಗೂ, ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡಿರುವ ಒಕ್ಕಲಿಗ ಕಾಪ್ಪಿಲಿಯರ ನೆರೆಗೂ ಸೋತು ನಿವೃತ್ತಿಯಾದ ಮೇಲೂ ಅಲ್ಲೇ ಕೂತರು. ಪೆಟ್ಟಿಗೆಯೇನೋ ಬಂತು, ಅದರೊಳಗಿಡಲು ಕ್ಯೂಬಾದ ಸಿಗಾರಿಗೆ ಪಿಂಚಣಿ ಸಾಲಬೇಕಲ್ಲ? ದಿಂಡಿಗಲ್ ಬಸ್ ಹತ್ತಿದರು. ಒಂದು ಕಟ್ಟು ಚುಟ್ಟಾ ತಂದು ಒಳಗೆ ಪವಡಿಸಿದರು.

"ಏನಂದುಕೊಂಡಿದ್ದೀಯ ಇದನ್ನ?" ಎಂದು ನನಗೇ ಪಾಠ. ಷರ್ಲಾಕ್ ಹೋಮ್ಸ್ 1887ರ ಮೊದಲ ಕಾದಂಬರಿಯಲ್ಲೇ ನೆಲದ ಮೇಲಿನ ಬೂದಿ ನೋಡಿ, ಕೊಲೆಗಾರ ಸೇದಿದ್ದು ತಿರುಚಿನಾಪಳ್ಳಿ ಚುಟ್ಟಾ ಎಂದು ಹೇಳಿದನಂತೆ. ಅದು ನಿಜ. ಆ ಚುಟ್ಟಾಕ್ಕೆ ಹೊಗೆಸೊಪ್ಪು ಹೋಗುತ್ತಿದ್ದದ್ದು ದಿಂಡಿಗಲ್ ಸುತ್ತಿನಿಂದ, ಅದೂ ನಿಜ. ಬೆವರು ದಿಂಡಿಗಲ್ಲಿನದು, ಹೆಸರು ತಿರುಚಿಯದು. ಮದರಾಸಿನ ಸ್ಪೆನ್ಸರ್ ಕಂಪನಿ ದಿಂಡಿಗಲ್ಲಿನಲ್ಲೇ ಕಾರ್ಖಾನೆ ನಡೆಸಿ ಬಿಳಿದೊರೆಗಳ ಬಾಯಿಗೆ ಸಿಗಾರ್ ಇಟ್ಟಿತು. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಚರ್ಚಿಲ್ ಕೂಡ ಇದನ್ನೇ…" ಎಂದು ಶುರು ಮಾಡಿದರು. ಆ ಊರಿನಲ್ಲಿ ಚರ್ಚಿಲ್ ಹೆಸರೆತ್ತದೆ ಚುಟ್ಟಾ ಮಾತು ಮುಗಿಯುವುದಿಲ್ಲ. ಚರ್ಚಿಲ್ ಸಾಹೇಬರ ಪ್ರೀತಿ ಕ್ಯೂಬಾದ ಮೇಲೆ ಎಂಬುದಕ್ಕೆ ಅವರ ಹೆಸರಿನಲ್ಲಿ ಒಂದು ಸಿಗಾರ್ ಅಳತೆಯೇ ಇದೆ ಎಂದೆ. ಭಾವನಿಗೆ ಆವತ್ತು ಕಿವಿ ಸ್ವಲ್ಪ ಮಂದವಾಗಿತ್ತು.

ಪೆಟ್ಟಿಗೆಯ ಒಳಮೈ ಸ್ಪ್ಯಾನಿಷ್ ಸೀಡರ್. ಸ್ಪೇನಿನದೂ ಅಲ್ಲ, ದೇವದಾರುವೂ ಅಲ್ಲ. ಅಮೆರಿಕ ಖಂಡದ ಮರ, ಬೇವಿನ ಬಳಗದ್ದು. ಅದರ ದಾಯಾದಿ ತೂನ್ ಮರ ನಮ್ಮ ಪಶ್ಚಿಮ ಘಟ್ಟದಲ್ಲೇ ಬೆಳೆಯುತ್ತದೆ. ಹೊಸ ಪೆಟ್ಟಿಗೆಯಲ್ಲಿ ನೇರವಾಗಿ ಸಿಗಾರ್ ಇಟ್ಟರೆ ಒಣಮರವೇ ಅದರ ತೇವ ಕುಡಿದುಬಿಡುತ್ತದೆ. ಅದಕ್ಕೇ ಮೊದಲು ಮರಕ್ಕೆ ನೀರು ಕಾಣಿಸಿ ಕೆಲವು ದಿನ ಹದಕ್ಕೆ ಬಿಡಬೇಕು. ನಲ್ಲಿ ನೀರು ಆಗದು, ಉಪ್ಪಿನಂಶ ಕಟ್ಟಿಕೊಳ್ಳುತ್ತದೆ, ಬೂಷ್ಟೂ ಬರಬಹುದು. ಡಿಸ್ಟಿಲ್ಡ್ ವಾಟರೇ ಬೇಕು. ಭಾವ ದಿನ ಬಿಟ್ಟು ದಿನ ಕ್ಯಾನು ಹೊತ್ತು ತರುವುದನ್ನು ಕಂಡ ಬೀದಿಯವರು, ಪಾಪ ಇವರ ಮನೆಯ ಇನ್ವರ್ಟರ್ ಬ್ಯಾಟರಿ ಹೋಗಿದೆ ಎಂದುಕೊಂಡರು.

ಮುಚ್ಚಳದಲ್ಲಿ ತೇವ ತೋರಿಸುವ ಮುಳ್ಳು. ಅದು ಸರಿಯಾಗಿ ಹೇಳುತ್ತದೆಯೇ ಎಂದು ನೋಡಲು ಒಂದು ಉಪಾಯವಿದೆ, ಇದನ್ನು ಮಾತ್ರ ನಾನು ಮೆಚ್ಚಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಷ್ಟು, ಮುದ್ದೆಯಾಗುವಷ್ಟೇ ನೀರು ಬಿಟ್ಟು, ಮುಳ್ಳಿನ ಜೊತೆ ಜಿಪ್ ಕವರಿನಲ್ಲಿ ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ಮುಳ್ಳು 75ಕ್ಕೆ ನಿಂತಿದ್ದರೆ ಸತ್ಯವಂತ. ಭಾವನದು 69 ತೋರಿಸಿತು. ಉಪ್ಪು ಎಂದೂ ಸುಳ್ಳು ಹೇಳದು. ಮುಳ್ಳು ಆರು ಕಡಿಮೆ ಹೇಳುತ್ತದೆ ಎಂದು ಮುಚ್ಚಳದ ಮೇಲೆ ಚೀಟಿ ಅಂಟಿತು.

ಸಿಗಾರಿಗೆ ಬೇಕಾದ್ದು ನೂರಕ್ಕೆ 65ರಿಂದ 70ರ ತೇವ. ಕಡಿಮೆಯಾದರೆ ಹೊರಎಲೆ ಸೀಳುತ್ತದೆ, ಹೊಗೆ ಖಾರವಾಗುತ್ತದೆ, ಹೆಚ್ಚಾದರೆ ಬೂಷ್ಟು. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ತುಸು ಬಗ್ಗಿ ಮತ್ತೆ ಎದ್ದರೆ ಹದ. ಒತ್ತಿದಾಗ ಚರಚರ ಎಂದರೆ ಒಣಗಿತು ಎಂದೇ ಲೆಕ್ಕ. ತಮಾಷೆ ನೋಡಿ, ಪಕ್ಕದ ಬೋಡಿಯಲ್ಲಿ ಏಲಕ್ಕಿ ಮಂಡಿಯವರು ತೇವ ಹತ್ತಿರ ಸುಳಿಯದಂತೆ ಗೋಣಿಯೊಳಗೆ ಪ್ಲಾಸ್ಟಿಕ್ ಹಾಕಿ ಕಾಯುತ್ತಾರೆ. ಇಲ್ಲಿ ನಮ್ಮವರು ತೇವ ಹೋಗದಂತೆ ಕಾಯುತ್ತಾರೆ.

ಆದರೆ ಭಾವ ಒಪ್ಪದ ಒಂದು ಮಾತಿದೆ. ತೇನಿ ಸೀಮೆಯಲ್ಲಿ ಚುಟ್ಟಾದ ವೈರಿ ಒಣಗಾಳಿಯಷ್ಟೇ ಅಲ್ಲ, ಸೆಕೆ. ಪೆಟ್ಟಿಗೆ ತೇವ ಹಿಡಿದೀತು, ಸೆಕೆ ಹೇಗೆ ತಡೆದೀತು? ಎಲೆಯೊಳಗೆ ಹೊಗೆಸೊಪ್ಪಿನ ಹುಳದ ಮೊಟ್ಟೆಗಳು ಮಲಗಿರಬಹುದು. ತಂಪಾಗಿದ್ದರೆ ಅವುಗಳ ನಿದ್ದೆ ಕೆಡದು. 25 ಡಿಗ್ರಿ ದಾಟಿದರೆ ಎದ್ದು ಕೂರುತ್ತವೆ. ಮೇ ತಿಂಗಳಲ್ಲಿ ಪೆಟ್ಟಿಗೆ ತೆರೆದರೆ ಮೂರು ಚುಟ್ಟಾಗಳಲ್ಲಿ ಸೂಜಿ ಚುಚ್ಚಿದಂಥ ತೂತು, ಕೆಳಗೆ ಕಂದು ಹುಡಿ. ಭಾವನ ಮುಖ ನೋಡಲಾಗಲಿಲ್ಲ. ಉಳಿದವನ್ನು ಜಿಪ್ ಕವರಿಗೆ ಹಾಕಿ ಮೂರು ದಿನ ಫ್ರೀಜರು, ಆಮೇಲೆ ಒಂದು ದಿನ ಕೆಳಗಿನ ಅರೆ, ಆಮೇಲೆ ಹೊರಗೆ. ಒಮ್ಮೆಲೇ ಹೊರತೆಗೆದರೆ ಎಲೆ ಬಿರಿಯುತ್ತದೆ. ಇದು ಸರಿಯಾದ ವಿಧಾನವೇ. ಆದರೆ ಅಕ್ಕ ಇಡ್ಲಿ ಹಿಟ್ಟಿನ ಪಾತ್ರೆಯ ಪಕ್ಕ ಅದನ್ನು ಕಂಡ ದಿನ ಮನೆಯಲ್ಲಾದ ಮಾತುಕತೆ ಇಲ್ಲಿ ಬರೆಯುವಂಥದ್ದಲ್ಲ.

ಎದುರು ಮನೆಯ ಕಾಪ್ಪಿಲಿಯರ ಅಜ್ಜ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿ ತಮ್ಮ ಕನ್ನಡದಲ್ಲಿ ಒಂದೇ ಪ್ರಶ್ನೆ ಹಾಕಿದರು: "ಚುಟ್ಟಾಕ್ಕೆ ಪೆಟ್ಟಿಗೆ ಯಾಕಪ್ಪಾ, ಬಾಯಿ ಇಲ್ಲವಾ?" ಅವರ ಕಾಲದಲ್ಲಿ ಬೇಕಾದಷ್ಟು ತಂದು, ಮುಗಿದ ಮೇಲೆ ಮತ್ತೆ ತರುವುದೇ ಸಂಗ್ರಹ. ನನ್ನ ಓಟು ಅಜ್ಜನಿಗೇ. ಡಾಕ್ಟರ ಓಟು ಕೇಳಿದರೆ ಪೆಟ್ಟಿಗೆಯನ್ನೂ ಬಾಯನ್ನೂ ಎರಡನ್ನೂ ಮುಚ್ಚಿ ಎನ್ನುತ್ತಾರೆ.

ಕೊನೆಗೆ ಪೆಟ್ಟಿಗೆಯ ರೋಗ ಪತ್ತೆ ಹಚ್ಚಿದವಳು ಅಕ್ಕ. ಮುಳ್ಳು ಒಂದೆಡೆ ನಿಲ್ಲದೆ ಏರಿಳಿಯುತ್ತಿದ್ದುದಕ್ಕೆ ಸೆಕೆಯೂ ಕಾರಣವಲ್ಲ, ಮರವೂ ಅಲ್ಲ. ನೋಡಲೆಂದು ಗಂಟೆಗೊಮ್ಮೆ ಮುಚ್ಚಳ ಎತ್ತುವ ಭಾವನೇ ಕಾರಣ. ದಿಂಡಿಗಲ್ಲಿನ ಇನ್ನೊಂದು ಖ್ಯಾತಿ, 2019ರಲ್ಲಿ ಭೌಗೋಳಿಕ ಗುರುತು ಪಡೆದ ಬೀಗ, ಅದನ್ನು ತರಿಸಿ ಪೆಟ್ಟಿಗೆ ಇಟ್ಟ ಕಪಾಟಿಗೆ ಜಡಿದಳು. ಅಂದಿನಿಂದ ಮುಳ್ಳು ಕದಲಿಲ್ಲ. ಹ್ಯೂಮಿಡಾರ್ ಕೊಳ್ಳುವ ಆಸೆಯಿರುವವರು ದಿಂಡಿಗಲ್ ಬೀಗವೊಂದನ್ನೂ ಜೊತೆಗೆ ಕೊಳ್ಳಿ, ಕೀಲಿಕೈ ಮಾತ್ರ ಮನೆಯವರ ಸೊಂಟದಲ್ಲಿರಲಿ.