ಸೌಂಡು ಭಾವ

ಇಂಜಿನ್ನಿನ ಕಾಯಿಲೆ ತಿಳಿಯಲು ಬಾನೆಟ್ ಎತ್ತಬೇಕೆಂದು ಮೆಕ್ಯಾನಿಕ್‌ಗಳು ಹೇಳುತ್ತಾರೆ. ಸೌಂಡು ಭಾವನವರಿಗೆ ಅದರ ಅಗತ್ಯವಿಲ್ಲ. ತೋಟದ ಆಚೆ ಬದಿಯಿಂದ ಕಿವಿ ಕೊಟ್ಟರೆ ಸಾಕು.

ಪುತ್ತೂರು, ಸುಳ್ಯ, ಕಡಬದ ಕಡೆ ಊರಿಗೊಬ್ಬ ಸೌಂಡು ಭಾವ ಇದ್ದೇ ಇರುತ್ತಾರೆ. ಐವತ್ತು ದಾಟಿದ ವಯಸ್ಸು, ಎರಡೆಕರೆ ಅಡಿಕೆ, ಸ್ವಲ್ಪ ರಬ್ಬರು. ಒಂದು ಕಾಲದಲ್ಲಿ ಸಂಪಾಜೆ ಘಾಟಿಯಲ್ಲಿ ಜೀಪು ಓಡಿಸಿದ್ದರಂತೆ. ಈಗ ಅವರಿಗೆ ಸ್ವಂತ ಗಾಡಿಯಿಲ್ಲ. ಹಾಗಾಗಿ ನೆರೆಕರೆಯ ಗಾಡಿಗಳೆಲ್ಲ ಅವರವೇ.

ನಮ್ಮ ನೆರೆಮನೆಯ ಭಟ್ರ ಹಳೆಯ ಪಿಕಪ್ ಸೋಮವಾರ ಬೆಳಗ್ಗೆಯೇ ಹಟ ಹಿಡಿಯುತ್ತದೆ. ಪುತ್ತೂರಿನ ಕಿಲ್ಲೆ ಮೈದಾನದಲ್ಲಿ ಸಂತೆ, ಹಿಂದೆ ಬಾಳೆಗೊನೆ ತುಂಬಿ ಆಗಿದೆ. ಭಟ್ರು ಸೆಲ್ಫ್ ಹೊಡೆಯುತ್ತಾರೆ, ಹೊಡೆಯುತ್ತಾರೆ, ಕೊನೆಗೆ ಹೇಗೋ ಹಿಡಿಯುತ್ತದೆ. ಹಿಡಿದದ್ದೇ ಗಾಡಿಗೆ ಗಾಡಿಯೇ ನಡುಗಿ ಕನ್ನಡಿ ಅಲುಗಾಡುತ್ತದೆ. ಬಿಳಿ ಹೊಗೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆಲ್ಲ ಹರಡುತ್ತದೆ. “ಅಡಿಕೆಗೆ ಡೀಸೆಲ್ ವಾಸನೆ ಹಿಡಿದರೆ ಅಡಿಕೆ ಕೊಳ್ಳುವ ಕ್ಯಾಂಪ್ಕೊದವರ ಹತ್ತಿರ ನೀವೇ ಮಾತಾಡಿ,” ಎಂದು ಒಳಗಿನಿಂದ ಭಟ್ರ ಮನೆಯವರು.

ಅಷ್ಟರಲ್ಲಿ ಭಾವ ಹಾಜರು.

“ಗಾಡಿ ಆ ಕ್ಯಾಂಪ್ಕೊಗಿಂತ ಹಳತಲ್ವಾ ಭಟ್ರೆ? ಕ್ಯಾಂಪ್ಕೊ ಶುರುವಾದದ್ದೇ 1973ರಲ್ಲಿ.”

“ಎಂತ ಭಾವ, ಎಂತ ಆಗಿರಬಹುದು?”

“ಒಮ್ಮೆ ಸುಮ್ಮನಿರಿ ಮಾರಾಯ್ರೆ. ಕೇಳ್ಲಿಕ್ಕೆ ಬಿಡಿ.”

ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚುತ್ತಾರೆ. ಆಮೇಲೆ ಶುರು. ತಾಳಮದ್ದಳೆಯಲ್ಲಿ ಭಾಗವತರ ಒಂದು ಪದಕ್ಕೆ ಅರ್ಧ ಗಂಟೆ ಅರ್ಥ ಹೇಳುವವರ ಹಾಗೆ, ಇಂಜಿನ್ನಿನ ಒಂದೊಂದು ಕೆಮ್ಮಿಗೂ ವ್ಯಾಖ್ಯಾನ. “ಮೂರರಲ್ಲಿ ಓಡ್ತಾ ಉಂಟು, ಒಂದು ಮಿಸ್ಸಿಂಗ್. ನೋಝಲ್ ತೊಟ್ಟಿಕ್ಕುತ್ತದೆ. ಅಲ್ಲದಿದ್ದರೆ ಟ್ಯಾಪೆಟ್. ಅದೂ ಅಲ್ಲದಿದ್ದರೆ ಹೀಟರ್ ಪ್ಲಗ್. ಕಂಪ್ರೆಷನ್ ಹೋಗಿದ್ರೆ ಮಾತ್ರ ದೇವರೇ ಗತಿ.” ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಇಲ್ಲ, ಗಾಳಿ ಒತ್ತಿಹೋಗಿ ಕಾದ ಬಿಸಿಗೇ ಎಣ್ಣೆ ಹೊತ್ತಬೇಕು, ಆದ್ದರಿಂದ ಇದರಲ್ಲಿ ಯಾವುದನ್ನೂ ಸುಳ್ಳೆನ್ನುವಂತಿಲ್ಲ. ಹಾಗೆಂದು ಯಾವುದಕ್ಕೂ ಭಾವ ಗಂಟು ಬೀಳುವವರೂ ಅಲ್ಲ.

ಮಾತಿನ ನಡುವೆ ಒಂದು ಪೈಪಿಗೆ ಸ್ಪಾನರಿನಿಂದ ಎರಡು ಪೆಟ್ಟು. ಇಂಜಿನ್ ನಿಧಾನಕ್ಕೆ ತಾಳಕ್ಕೆ ಬರುತ್ತದೆ, ಹೊಗೆ ನಿಲ್ಲುತ್ತದೆ. ಭಾವ ಕೈ ಒರೆಸಿಕೊಂಡು ಕಾಫಿಗೆ ಕೂರುತ್ತಾರೆ. ಇಲ್ಲಿಯೇ ಇರುವುದು ಅವರ ಕೀರ್ತಿಯ ಗುಟ್ಟು: ಎರಡು ನಿಮಿಷದಲ್ಲಿ ತಾನಾಗಿ ಗುಣವಾಗುವ ರೋಗಕ್ಕೆ ಯಾರು ಯಾವ ಮದ್ದು ಕೊಟ್ಟರೂ ನಾಟುತ್ತದೆ. ಒಂದು ವಾರ ಪೈಪಿಗೆ ಪೆಟ್ಟು, ಇನ್ನೊಂದು ವಾರ ಬ್ಯಾಟರಿಯ ತುದಿಗೆ ಬಿಸಿನೀರು. ಬರೀ ಬೈದರೂ ಸರಿಯಾದ ದಿನವುಂಟು. ಗ್ಯಾರೇಜಿಗೆ ಒಯ್ದರೆ ದಾರಿಯಲ್ಲೇ ಇಂಜಿನ್ ಬಿಸಿಯಾಗಿ, ಅಲ್ಲಿ ಒಂದೇ ಸೆಲ್ಫಿಗೆ ಸ್ಟಾರ್ಟ್. ಮೆಕ್ಯಾನಿಕ್ ಭಟ್ರನ್ನೇ ಅನುಮಾನದಿಂದ ನೋಡುತ್ತಾನೆ.

ಕೊನೆಗೆ ಸುಳ್ಯದ ಒಬ್ಬ ಹುಡುಗ ಮೆಕ್ಯಾನಿಕ್ ಬಾನೆಟ್ಟೂ ಎತ್ತದೆ, ಸ್ಕ್ರೂಡ್ರೈವರೂ ಹಿಡಿಯದೆ ಕೇಳಿದ್ದು ಒಂದೇ ಪ್ರಶ್ನೆ: “ರಾತ್ರಿ ಗಾಡಿ ಹೇಗೆ ನಿಲ್ಲಿಸ್ತೀರಿ?”

“ಅಂಗಳಕ್ಕೆ ಬರುವ ಏರಿನಲ್ಲಿ. ಮೂತಿ ಮೇಲೆ.”

“ನಾಳೆ ಸೆಲ್ಫ್ ಹೊಡೆಯುವ ಮೊದಲು ಫಿಲ್ಟರಿನ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ. ಮತ್ತೆ ಸ್ಟಾರ್ಟ್ ಮಾಡಿ.”

ಒತ್ತಿದರು. ಮಿಸ್ಸಿಂಗೂ ಇಲ್ಲ, ಹೊಗೆಯೂ ಇಲ್ಲ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಕ್ಲಿಪ್ಪಿನ ಹತ್ತಿರ ಬಿರುಕು ಬಿಟ್ಟಿತ್ತು. ಅದು ಪಂಪು ಎಳೆಯುವ ಬದಿಯ ಪೈಪಾದ್ದರಿಂದ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಗಾಳಿ ಒಳಗೆ ಹೋಗುತ್ತಿತ್ತು. ರಾತ್ರಿಯಿಡೀ ಎಣ್ಣೆ ಇಳಿಜಾರಿನಲ್ಲಿ ಹಿಂದಕ್ಕೆ, ಟ್ಯಾಂಕಿಗೇ ಜಾರುವುದು. ಬೆಳಗ್ಗೆ ಇಂಜಿನ್ನಿಗೆ ಮೊದಲು ಸಿಗುವುದು ಗಾಳಿ. ನೋಝಲ್ಲೂ ಅಲ್ಲ, ಟ್ಯಾಪೆಟ್ಟೂ ಅಲ್ಲ. ಗೇಣುದ್ದದ ಪೈಪು ಬದಲಾಯಿತು, ಎರಡು ಕ್ಲಿಪ್ಪು ಬಿಗಿಯಾದವು.

ಸುದ್ದಿ ಕೇಳಿ ಭಾವ ಕುಗ್ಗಲಿಲ್ಲ. “ನಾನು ಏರ್ ಅಂತ ಹೇಳಿದ್ದೆ ಅಲ್ವಾ?” ಹೇಳಿದ್ದರು, ನಿಜ. ಟಯರು ನೋಡುವಾಗ.

ಮುಂದಿನ ಸೋಮವಾರ ಪಿಕಪ್ ಅದೇ ಏರಿನಲ್ಲಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಭಾವ ಸ್ಕ್ರೂಡ್ರೈವರ್ ಊರಿ ಬಹಳ ಹೊತ್ತು ಕೇಳಿದರು. ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿ ಮತ್ತೆ ಕೇಳಿದರು. ಮುಖ ಸಣ್ಣದಾಗುತ್ತಾ ಬಂತು.

“ಭಟ್ರೆ, ಇಷ್ಟು ಹಳೆಯ ಇಂಜಿನ್ ಇಷ್ಟು ಮೆತ್ತಗೆ ಓಡುವುದು ಒಳ್ಳೆಯದಲ್ಲ. ಎಂತಕ್ಕೂ ಒಮ್ಮೆ ಹೆಡ್ ಬಿಚ್ಚಿಸಿ ನೋಡಿ.”